ವೇಗ ಸರಿ, ಸಂದಿನ ಕಥೆ?
ಲೇಸರ್ ವೆಲ್ಡಿಂಗ್, ಟಂಗ್‌ಸ್ಟನ್ ಕಡ್ಡಿಯ ವಿದ್ಯುತ್ ಕಿಡಿಯಿಂದ ಬೆಸೆಯುವ ಟಿಗ್‌ಗಿಂತ ಎಷ್ಟೋ ಪಟ್ಟು ವೇಗ ಅಂತ ನಿಮ್ಮ ಬರಹದಲ್ಲಿ ಹೇಳಿದ್ದೀರಿ, ಒಪ್ಪುವ ಮಾತೇ. 1 ಮಿ.ಮೀ. ಸ್ಟೇನ್‌ಲೆಸ್ ಶೀಟು ಅಷ್ಟಾಗಿ ಸೊಟ್ಟಗಾಗಲ್ಲ, ಗ್ರೈಂಡಿಂಗ್ ಕೆಲಸವೂ ಕಮ್ಮಿ. ಆದರೆ ಫಿಟಪ್, ಅಂದರೆ ಬೆಸೆಯುವ ಅಂಚುಗಳು ಒಂದಕ್ಕೊಂದು ಎಷ್ಟು ಸರಿಯಾಗಿ ಕೂರುತ್ತವೆ ಅನ್ನುವುದರ ಬಗ್ಗೆ ಒಂದು ಮಾತೂ ಇಲ್ಲವಲ್ಲ! ಕಿರಣದ ಚುಕ್ಕಿ ತೀರಾ ಸಣ್ಣದು. ಅಂಚುಗಳ ನಡುವಿನ ಸಂದು ಶೀಟಿನ ದಪ್ಪದ ಸುಮಾರು ಹತ್ತನೇ ಒಂದು ಭಾಗ ದಾಟಿತೋ, ಕಿರಣ ಸಂದಿನಲ್ಲೇ ತೂರಿಹೋಗುತ್ತದೆ. ಆಗ ವಾಬಲ್ (ಕಿರಣದ ಅತ್ತಿತ್ತ ಓಲಾಟ) ಅಗಲಿಸಿ ವೈರ್ ಫೀಡ್ (ಸಂದು ತುಂಬಲು ತಂತಿ ಉಣಿಸುವುದು) ಹಾಕಬೇಕು. ಸತು ಲೇಪಿಸಿದ ಗ್ಯಾಲ್ವನೈಸ್ಡ್ ಶೀಟುಗಳನ್ನು ಒಂದರ ಮೇಲೊಂದು ಒತ್ತಿ ಬೆಸೆದರೆ ಉಲ್ಟಾ ತೊಂದರೆ: ಸತು 907 ಡಿಗ್ರಿ ಸೆಲ್ಸಿಯಸ್‌ಗೇ ಆವಿಯಾಗಿ, ಹೊರಹೋಗಲು ದಾರಿಯಿಲ್ಲದೆ ಬೀಡ್ (ಬೆಸುಗೆಯ ಗೆರೆ) ತುಂಬ ತೂತು. ಅಲ್ಲಿ 0.1 ಮಿ.ಮೀ.ನಷ್ಟು ಸಂದು ಬೇಕಂತಲೇ ಬಿಡಬೇಕು, ಇಲ್ಲವೇ ಸತು ಉಜ್ಜಿ ತೆಗೆಯಬೇಕು. ಇನ್ನು ಕಣ್ಣು: ಬರೀ ಆರ್ಕ್ (ವಿದ್ಯುತ್ ಕಿಡಿ) ವೆಲ್ಡಿಂಗಿನ ಹೆಲ್ಮೆಟ್ ನಂಬಬೇಡಿ. ಫೈಬರ್ ಲೇಸರಿನ (ಗಾಜಿನ ಎಳೆಯಲ್ಲಿ ಕಿರಣ ಹುಟ್ಟಿಸುವ ಲೇಸರ್) 1070-1080 ನ್ಯಾನೋಮೀಟರ್ ತರಂಗಾಂತರದ ಬೆಳಕು ತಡೆಯಲು ರೇಟ್ ಆದ ಕನ್ನಡಕವೇ ಬೇಕು, ಪಕ್ಕದಲ್ಲಿ ನಿಂತವರಿಗೂ.