ಎರಡು ಸೈಕಲ್ಲಿಗೆ ಒಬ್ಬ

ಇದನ್ನು ನಿಂತುಕೊಂಡೇ ಬರೆಯುತ್ತಿದ್ದೇನೆ. ಕೂರಲು ಆಗುತ್ತಿಲ್ಲ. ಬೆಳಿಗ್ಗೆಯಿಂದ ಆಫೀಸಿನಲ್ಲಿ "ಯಾಕ್ರೀ, ಕುಂದರ್ರಿ" ಅಂದವರಿಗೆಲ್ಲ "ಇರ್ಲಿ ಬಿಡ್ರಿ" ಅಂತ ಹೇಳಿ ಹೇಳಿ ಸಾಕಾಗಿದೆ. ಬಾಡಿಗೆ ಸೈಕಲ್ಲಿನ ಸೀಟು ಮಾಡಿದವನು ಜೀವನದಲ್ಲಿ ಒಮ್ಮೆಯೂ ಅದರ ಮೇಲೆ ಕೂತಿರಲಾರ.

ಇದಕ್ಕೆಲ್ಲ ಕಾರಣ ನನ್ನ ಹೆಂಡತಿಯ ತಮ್ಮ. ಬೆಂಗಳೂರಿನಿಂದ ಬಂದಿದ್ದ. ಭಾನುವಾರ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದು ಸುಮ್ನೆ ಮಲಗಬಾರದಾ? "ಭಾವ, ಹಂಪಿಯಲ್ಲಿ ಸೈಕಲ್ ತಗೊಳ್ಳೋಣ. ಹೊಳೆ ದಾಟಿ ಸಾಣಾಪುರ ಕೆರೆ ನೋಡಿ ಸಂಜೆಗೆ ವಾಪಸ್" ಅಂದ. ಅವನ ಕೈಯಲ್ಲೊಂದು ವಾಚಿದೆ. ಟೈಮ್ ಕೇಳಿದರೆ ಎಷ್ಟು ಹೆಜ್ಜೆ ನಡೆದೆ ಅಂತ ಹೇಳುತ್ತೆ.

ಬಳ್ಳಾರಿಯಿಂದ ಹೊಸಪೇಟೆ 60 ಚಿಲ್ಲರೆ ಕಿಲೋಮೀಟರ್. 2021ಕ್ಕೆ ಮೊದಲು ಅದು ನಮ್ಮದೇ ಜಿಲ್ಲೆ. ಈಗ ಹಂಪಿ ವಿಜಯನಗರಕ್ಕೆ ಸೇರಿದೆ, ಹೊಳೆಯಾಚೆಯ ಆನೆಗೊಂದಿ ಕೊಪ್ಪಳದ್ದು. ಒಂದೇ ಭಾನುವಾರಕ್ಕೆ ಮೂರು ಜಿಲ್ಲೆ. ನನ್ನ ಮೊಣಕಾಲಿಗೆ ಮೂರರಲ್ಲೂ ಅದೇ ಗತಿ.

ತಳವಾರಘಟ್ಟದಲ್ಲಿ ಈ ತುಂಗಭದ್ರಾ ಹೊಳೆಗೆ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿಯಿತು. ಆಮೇಲೆ ಬುಕ್ಕಸಾಗರದ ಹತ್ತಿರ ಬೇರೆ ಸೇತುವೆ ಬಂತು. "ಅದರ ಮೇಲೇ ಹೋಗೋಣಪ್ಪ" ಅಂದೆ. "ಸುತ್ತಾಗುತ್ತೆ ಭಾವ, ಹರಿಗೋಲಲ್ಲೇ ಮಜಾ" ಅಂದ.

ಹರಿಗೋಲು ಅಂದರೆ ಗೊತ್ತಲ್ವಾ, ಬಿದಿರಿನ ದೊಡ್ಡ ಬುಟ್ಟಿ, ಹೊರಗೆ ಟಾರು. ಅಂಬಿಗ ಮೊದಲು ಎರಡೂ ಸೈಕಲ್ ಎತ್ತಿ ಒಂದು ಬದಿಗೆ ಇಟ್ಟ. ಬುಟ್ಟಿ ಆ ಕಡೆ ವಾಲಿತು. ಆಮೇಲೆ ದಡದಲ್ಲಿ ನಿಂತಿದ್ದ ನಮ್ಮನ್ನೆಲ್ಲ ಸಂತೆಯಲ್ಲಿ ಕುರಿ ನೋಡುವ ಹಾಗೆ ಒಬ್ಬೊಬ್ಬರನ್ನೇ ನೋಡುತ್ತಾ ಬಂದ. ಕಾಲೇಜು ಹುಡುಗರು ನಾಲ್ಕು ಜನ, ಒಬ್ಬ ಅಜ್ಜಿ, ನನ್ನ ಭಾವಮೈದುನ. ಯಾರ ಮೇಲೂ ಕಣ್ಣು ನಿಲ್ಲಲಿಲ್ಲ. ನನ್ನ ಹತ್ತಿರ ಬಂದು ನಿಂತಿತು.

"ಅಣ್ಣಾರು ಈ ಕಡೆ ಬರ್ರಿ."

ಹೋಗಿ ಕೂತೆ. ಬುಟ್ಟಿ ನೆಟ್ಟಗಾಯಿತು. ಅಷ್ಟಕ್ಕೇ ಬಿಟ್ಟಿದ್ದರೆ ನಡೀತಿತ್ತು. ಅವನು ಹುಡುಗರ ಕಡೆ ತಿರುಗಿ, "ಎರಡು ಸೈಕಲ್ಲಿಗೆ ಒಬ್ರು ಸಾಕು ನೋಡ್ರಿ. ಉಳಿದೋರು ಎಲ್ಲಾರ ಕುಂದರ್ರಿ" ಅಂದ. ಹುಡುಗರು ನಕ್ಕರು. ಅಜ್ಜಿ ನಗಲಿಲ್ಲ, ಆದರೆ ಗಟ್ಟಿಯಾಗಿ ಹಿಡಿದುಕೊಳ್ಳಲು ನನ್ನ ತೋಳನ್ನೇ ಆರಿಸಿಕೊಂಡಳು. ನಡುಹೊಳೆಯಲ್ಲಿ ನನಗೆ ಬೆನ್ನು ತುರಿಸಿತು. ಸ್ವಲ್ಪ ಹೊರಳಿದೆ ಅಷ್ಟೇ. "ಅಣ್ಣಾ, ಅಲ್ಲಾಡಬ್ಯಾಡ್ರಿ!" ಇಬ್ಬರು ಹುಡುಗರು ಸೆಲ್ಫಿಗೆಂದು ಎದ್ದೇ ನಿಂತಿದ್ದರು, ಅವರಿಗೆ ಒಂದು ಮಾತಿಲ್ಲ. ಅವರು ಪ್ಯಾಸೆಂಜರ್, ನಾನು ತೂಕದ ಕಲ್ಲು.

ಕೃಷ್ಣದೇವರಾಯನ ಕಾಲದಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇಲ್ಲಿಯ ಹರಿಗೋಲುಗಳ ಬಗ್ಗೆ ಬರೆದಿಟ್ಟಿದ್ದಾನೆ. ಆಗ ಹೊರಗೆ ಚರ್ಮ ಹೊದಿಸುತ್ತಿದ್ದರಂತೆ. 15-20 ಜನ ಹಿಡಿಸುತ್ತಿದ್ದರಂತೆ, ಬೇಕಾದರೆ ಕುದುರೆ, ಎತ್ತುಗಳನ್ನೂ ದಾಟಿಸಬಹುದಿತ್ತಂತೆ. ಕುದುರೆಯ ಎದುರಿಗೆ ಯಾರನ್ನು ಕೂರಿಸುತ್ತಿದ್ದರು ಅನ್ನುವುದನ್ನು ಮಾತ್ರ ಪುಣ್ಯಾತ್ಮ ಬರೆದಿಲ್ಲ.

ಆನೆಗೊಂದಿಯಿಂದ ಸಾಣಾಪುರ ಏಳೆಂಟು ಕಿಲೋಮೀಟರ್. ಒಂದು ಕಡೆ ಗದ್ದೆ, ಇನ್ನೊಂದು ಕಡೆ ಬಂಡೆಗಲ್ಲಿನ ಗುಡ್ಡ. ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ಭಾವಮೈದುನ ಆ ವಾಚನ್ನು ಬಿಚ್ಚಿ ನನ್ನ ಕೈಗೆ ಕಟ್ಟಿದ್ದ. ಅದು ಹತ್ತು ನಿಮಿಷಕ್ಕೊಮ್ಮೆ ಗುಂಯ್ ಅನ್ನುತ್ತಿತ್ತು. "ಏನಂತೆ?" ಅಂದರೆ "ವಿಶ್ರಾಂತಿ ತಗೊಳ್ಳಿ ಅಂತಿದೆ ಭಾವ" ಅನ್ನುತ್ತಾ ಇನ್ನೂ ಜೋರಾಗಿ ತುಳಿಯುತ್ತಿದ್ದ. ಅಂಜನಾದ್ರಿ ಬುಡದಲ್ಲಿ "575 ಮೆಟ್ಟಿಲು, ಹತ್ತೋಣ" ಅಂದ. ಕೆಳಗಿನಿಂದಲೇ ಕೈ ಮುಗಿದೆ.

ಸಾಣಾಪುರದಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಗುಡ್ಡಗಳ ನಡುವೆ ತಣ್ಣಗೆ ನಿಂತಿತ್ತು. ಕೆರೆಯಲ್ಲಿ ಹರಿಗೋಲನ್ನು ಬುಗುರಿಯ ಹಾಗೆ ತಿರುಗಿಸುತ್ತಾರೆ. ಹೊಟ್ಟೆಯಲ್ಲಿ ನಾಲ್ಕು ಮಿರ್ಚಿ ಇದ್ದಿದ್ದರಿಂದ ನಾನು ದಂಡೆಯಲ್ಲೇ ಉಳಿದೆ. ಅಪ್ಪನ ನೆನಪಾಯಿತು. ಗಂಗಾವತಿಯ ನೆಂಟರ ಮನೆಗೆ ಹೋಗುವಾಗ ಅಪ್ಪ ನನ್ನನ್ನೂ ಸೈಕಲ್ಲನ್ನೂ ಆ ಹೊಳೆಯಲ್ಲೇ ದಾಟಿಸುತ್ತಿದ್ದ. ಆಚೆ ದಡ ಮುಟ್ಟುವ ತನಕ ಒಂದು ಕೈ ಹ್ಯಾಂಡಲ್ ಮೇಲೆ, ಇನ್ನೊಂದು ನನ್ನ ಕಾಲರ್ ಮೇಲೆ. ಎರಡರಲ್ಲಿ ಒಂದನ್ನೇ ಉಳಿಸಿಕೊಳ್ಳಬೇಕಾಗಿ ಬಂದರೆ ಯಾವುದನ್ನು ಬಿಡುತ್ತಿದ್ದ ಅಂತ ಕೇಳಲು ಆಗ ಧೈರ್ಯ ಇರಲಿಲ್ಲ. ಈಗ ಅಪ್ಪನೂ ಇಲ್ಲ, ಸೈಕಲ್ಲೂ ಇಲ್ಲ.

ವಾಪಸ್ ಬರುವಾಗ ನನ್ನ ಚೈನು ಎರಡು ಸಲ ಕಳಚಿತು. ಹೊತ್ತು ಇಳಿಯಿತು. ಹರಿಗೋಲು ಹೋಗಿಬಿಟ್ಟಿರುತ್ತೆ, ಬುಕ್ಕಸಾಗರ ಸುತ್ತಬೇಕು ಅಂತ ಬೈದುಕೊಳ್ಳುತ್ತಾ ಬಂದರೆ, ದಡದಲ್ಲಿ ಅದೇ ಅಂಬಿಗ ಹುಟ್ಟು ಹಿಡಿದು ನಿಂತಿದ್ದಾನೆ!

"ಬರ್ರಿ ಅಣ್ಣಾ, ನಿಮ್ಮ ಸಲುವಾಗೇ ನಿಂತೀನಿ" ಅಂದ.

ನಿಜ ಹೇಳುತ್ತೇನೆ, ಕಣ್ಣು ತುಂಬಿ ಬಂತು. ಬೆಳಗಿನ ಸಿಟ್ಟೆಲ್ಲ ಇಳಿದುಹೋಯಿತು. ಹತ್ತಿರ ಹೋಗಿ ನೋಡಿದರೆ ಬುಟ್ಟಿಯ ಒಂದು ಬದಿಗೆ ಯಾರದೋ ಬುಲೆಟ್ ಗಾಡಿ ಒರಗಿಸಿದ್ದ. ಎದುರು ಬದಿ ಖಾಲಿ ಇತ್ತು.

ಬುಲೆಟ್ಟಿಗೂ ದುಡ್ಡು ತಗೊಂಡ. ನನಗೂ ತಗೊಂಡ.