ಕೊನೆಯ ಕಂತಿನ ನಂತರದ ಖಾಲಿ ಹಾಳೆಗಳು

ಮುಚ್ಚಿಹೋದ ಸಹಕಾರ ಸಂಘವೊಂದರ ಕಡತಗಳನ್ನು ನೋಡುವ ಸಂದರ್ಭ ಕೆಲವು ವರ್ಷಗಳ ಹಿಂದೆ ನನಗೆ ಒದಗಿತ್ತು. ನಡಾವಳಿ ಪುಸ್ತಕದ ಪುಟಪುಟದಲ್ಲೂ ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂಬ ಒಂದೇ ವಾಕ್ಯ, ಅದೂ ಒಂದೇ ಕೈಬರಹದಲ್ಲಿ. ಸಹಾಯಧನದ ಕೊನೆಯ ಕಂತು ಜಮೆಯಾದ ತಿಂಗಳಿನ ನಂತರ ಉಳಿದ ಹಾಳೆಗಳೆಲ್ಲ ಖಾಲಿ. ಸರ್ಕಾರವೂ ಒಂದು ಖಾಸಗಿ ಪ್ರತಿಷ್ಠಾನವೂ ಆ ಸಂಘಕ್ಕೆ ಧಾರಾಳವಾಗಿಯೇ ಹಣ ಕೊಟ್ಟಿದ್ದವು. ಕಟ್ಟಡ ಎದ್ದಿತ್ತು, ಯಂತ್ರಗಳು ಬಂದಿದ್ದವು. ಅಢಾವೆ ಪತ್ರಿಕೆಯನ್ನು (ಸಂಘದ ಆಸ್ತಿ-ಸಾಲಗಳ ಲೆಕ್ಕವನ್ನು) ಓದಿ ಪ್ರಶ್ನೆ ಕೇಳಬಲ್ಲ ಸದಸ್ಯರನ್ನು ತಯಾರು ಮಾಡಲು ಮಾತ್ರ ಯಾರೂ ಬಿಡಿಗಾಸನ್ನೂ ತೆಗೆದಿರಿಸಿರಲಿಲ್ಲ.

ಹೊರಗಿನ ನೆರವೇ ಬೇಡವೆನ್ನುವವರ ಪೈಕಿ ನಾನಲ್ಲ. ಎಷ್ಟು ಷೇರು ಕೊಂಡರೂ ಸದಸ್ಯನಿಗೆ ಒಂದೇ ಮತ, ಲಾಭಾಂಶಕ್ಕೂ ಮಿತಿ ಎಂದಮೇಲೆ ಸಾಮಾನ್ಯ ಹೂಡಿಕೆದಾರ ಇತ್ತ ತಲೆಹಾಕುವುದಿಲ್ಲ. ಅದರಲ್ಲಿ ಅವನ ತಪ್ಪೂ ಇಲ್ಲ. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ 28 ಮಂದಿ ತಲಾ ಒಂದು ಪೌಂಡ್ ಹಾಕಿ ಅಂಗಡಿ ತೆರೆದ ಕಥೆಯನ್ನು ಸಹಕಾರದ ಭಾಷಣಗಳಲ್ಲೆಲ್ಲ ಕೇಳುತ್ತೇವೆ. ಹಿಟ್ಟು, ಸಕ್ಕರೆ, ಬೆಣ್ಣೆ ಮಾರುವುದಕ್ಕೆ ಅಷ್ಟು ಸಾಕಾಗಿತ್ತು. ಕಾರ್ಖಾನೆ ನಡೆಸುವುದಕ್ಕೆ ಸಾಲದು. ನೆರವು ಯಾವ ರೂಪದಲ್ಲಿ ಬರುತ್ತದೆ, ಬಂದ ಮೇಲೆ ಸಂಘದಲ್ಲಿ ಯಾರ ಮಾತು ನಡೆಯುತ್ತದೆ ಎಂಬುದಷ್ಟೇ ನನ್ನ ತಕರಾರು.

ಸರ್ಕಾರವೇ ಷೇರುದಾರನಾದರೆ ಅದರ ನಾಮನಿರ್ದೇಶಿತರು ಆಡಳಿತ ಮಂಡಳಿಗೆ ಬರುತ್ತಾರೆ, ಚುನಾವಣೆ ಮುಂದಕ್ಕೆ ಹೋಗುತ್ತದೆ, ಆಡಳಿತಾಧಿಕಾರಿಯ ನೇಮಕವಾಗುತ್ತದೆ. ಇದಕ್ಕಿಂತ ದೊಡ್ಡ ನಷ್ಟ ಸದಸ್ಯರ ಮನಸ್ಸಿನಲ್ಲಾಗುತ್ತದೆ. ‘ಸರ್ಕಾರದ ದುಡ್ಡು ತಾನೇ’ ಎಂಬ ಭಾವನೆ ಒಮ್ಮೆ ಬೇರೂರಿದರೆ ಸಾಲದ ಕಂತು ಕಟ್ಟುವವನೇ ದಡ್ಡನೆನಿಸಿಕೊಳ್ಳುತ್ತಾನೆ. ಅಂತಾರಾಷ್ಟ್ರೀಯ ಸಹಕಾರ ಒಕ್ಕೂಟವು 1995ರಲ್ಲಿ ಅಂಗೀಕರಿಸಿದ ಏಳು ತತ್ವಗಳಲ್ಲಿ ನಾಲ್ಕನೆಯದು ಇದನ್ನೇ ಕುರಿತದ್ದು: ಸರ್ಕಾರದೊಡನೆ ಒಪ್ಪಂದವಾಗಲಿ, ಹೊರಗಿನ ಬಂಡವಾಳವಾಗಲಿ, ಸದಸ್ಯರ ಹಿಡಿತ ತಪ್ಪದಂಥ ಷರತ್ತುಗಳ ಮೇಲೆಯೇ ಆಗಬೇಕು.

ಇಟಲಿಯ ಎರಡು ಕಾನೂನುಗಳು ಈ ವಿಷಯದಲ್ಲಿ ನನಗೆ ಹೆಚ್ಚು ಹಿಡಿಸಿವೆ. ಮಾರ್ಕೋರಾ ಕಾನೂನೆಂದು ಹೆಸರಾದ 1985ರ ಶಾಸನದ ಪ್ರಕಾರ, ಮುಚ್ಚುವ ಹಂತಕ್ಕೆ ಬಂದ ಉದ್ಯಮವನ್ನು ಅದರ ಕಾರ್ಮಿಕರೇ ಸಹಕಾರಿಯಾಗಿ ವಹಿಸಿಕೊಳ್ಳಲು ಮುಂದಾದರೆ ಸಾರ್ವಜನಿಕ ನಿಧಿ ಅವರ ಬೆನ್ನಿಗೆ ನಿಲ್ಲುತ್ತದೆ. ಆದರೆ ಕಾರ್ಮಿಕರೂ ತಮ್ಮ ಹಣವನ್ನು ಹೂಡಲೇಬೇಕು. ಸ್ವಂತ ಉಳಿತಾಯ ಹಾಕಿದವನು ಸಭೆಯಲ್ಲಿ ತೂಕಡಿಸುವುದಿಲ್ಲ. 1992ರ ಕಾನೂನು ಇನ್ನೂ ಜಾಣತನದ್ದು: ಪ್ರತಿ ಸಹಕಾರಿಯೂ ತನ್ನ ವಾರ್ಷಿಕ ಲಾಭದ ಶೇಕಡ 3ರಷ್ಟನ್ನು ಹೊಸ ಸಹಕಾರಿಗಳನ್ನು ಬೆಳೆಸುವ ನಿಧಿಗೆ ಕೊಡಬೇಕು. ಇಲ್ಲಿ ಸರ್ಕಾರ ನಿಯಮವನ್ನಷ್ಟೇ ಮಾಡಿತು. ಹಣ ಸಹಕಾರಿಗಳದೇ, ಅರ್ಜಿ ಪರಿಶೀಲಿಸುವವರೂ ಸಂಘ ನಡೆಸಿ ಕೈ ಸುಟ್ಟುಕೊಂಡು ಕಲಿತವರೇ ಆಗಲು ಅವಕಾಶವಿದೆ.

ಸ್ಪೇನಿನ ಮಾಂಡ್ರಗಾನ್‌ನಲ್ಲಿ 1956ರಲ್ಲಿ ಮೊದಲ ಕಾರ್ಮಿಕ ಸಹಕಾರಿ ಹುಟ್ಟಿತು. ಮೂರೇ ವರ್ಷಕ್ಕೆ, 1959ರಲ್ಲಿ, ಅವರು ತಮ್ಮದೇ ಬ್ಯಾಂಕನ್ನೂ ಕಟ್ಟಿಕೊಂಡರು. ಆ ಬ್ಯಾಂಕು ಸಾಲ ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಹೊಸ ಸಹಕಾರಿಯ ಯೋಜನೆ, ಮಾರುಕಟ್ಟೆ, ಲೆಕ್ಕಪತ್ರ ಎಲ್ಲವನ್ನೂ ಜೊತೆಗೆ ಕೂತು ಪರಿಶೀಲಿಸುವ ಪ್ರತ್ಯೇಕ ವಿಭಾಗವೇ ಅದರಲ್ಲಿತ್ತು. ಇಷ್ಟಾದರೂ ಹೀಗೆ ಬೆಳೆದ ಮಾಂಡ್ರಗಾನ್ ಸಹಕಾರಿ ಸಮೂಹದ ಗೃಹೋಪಕರಣ ಕಂಪನಿ ಫಾಗೋರ್ 2013ರಲ್ಲಿ ದಿವಾಳಿಯಾಯಿತೆಂಬುದನ್ನು ಮರೆಮಾಚಬೇಕಿಲ್ಲ; ಕೆಲಸ ಕಳೆದುಕೊಂಡ ಸದಸ್ಯರಲ್ಲಿ ಅನೇಕರಿಗೆ ಸಮೂಹದ ಬೇರೆ ಸಹಕಾರಿಗಳಲ್ಲೇ ಜಾಗ ಸಿಕ್ಕಿತು. ನೆರವೆಂದರೆ ಇಂಥದ್ದೂ ಸೇರಬೇಕು, ಆದರೆ ಯಾವ ಯೋಜನೆಯ ಮಾರ್ಗಸೂಚಿಯಲ್ಲಿಯೂ ಇದಕ್ಕೊಂದು ಕಾಲಂ ಇರುವುದನ್ನು ನಾನು ಕಂಡಿಲ್ಲ.

ಖಾಸಗಿ ಕಂಪನಿಗಳ ನೆರವಿನಲ್ಲಿ ನನಗೆ ಅನುಮಾನವಿರುವುದು ದೇಣಿಗೆಯ ಬಗ್ಗೆಯಲ್ಲ, ಖರೀದಿ ಒಪ್ಪಂದದ ಬಗ್ಗೆ. ಮುಂಗಡ ಕೊಟ್ಟು ಇಡೀ ಉತ್ಪನ್ನವನ್ನು ಒಬ್ಬನೇ ಕೊಳ್ಳುತ್ತೇನೆಂದರೆ ಕೇಳಲು ಹಿತವಾಗಿರುತ್ತದೆ. ಎರಡು ವರ್ಷ ಕಳೆಯುವಷ್ಟರಲ್ಲಿ ದರ ನಿಗದಿ ಅವನ ಕೈಗೆ ಹೋಗಿ, ಸಂಘವು ಅವನ ಗುತ್ತಿಗೆ ಕೂಲಿಯಾಗಿರುತ್ತದೆ. ಆದ್ದರಿಂದ ಇಂಥ ಕರಡು ಒಪ್ಪಂದಕ್ಕೆ ಆಡಳಿತ ಮಂಡಳಿ ಸಹಿ ಹಾಕುವ ಮೊದಲು ಅದನ್ನು ಸರ್ವ ಸದಸ್ಯರ ಸಭೆಯಲ್ಲಿ ಪೂರ್ತಿಯಾಗಿ ಗಟ್ಟಿಯಾಗಿ ಓದಬೇಕು. ಯಾರಾದರೂ ಆಕ್ಷೇಪವೆತ್ತಿದರೆ, ಅವರ ಹೆಸರಿನ ಸಮೇತ ಆ ಮಾತನ್ನು ನಡಾವಳಿ ಪುಸ್ತಕದಲ್ಲಿ ಬರೆಯಬೇಕು.