ಸ್ಪಷ್ಟನೆ: ಗುಹೆಯೊಳಗೆ ಲೈಫ್ ಜಾಕೆಟ್ ಒಂದೇ ಸಾಲದು

‘ಲೈಫ್ ಜಾಕೆಟ್ ತೊಟ್ಟಿದ್ದರೆ ಕಯಾಕ್‌ನಲ್ಲಿ (ಹುಟ್ಟು ಹಾಕಿ ನಡೆಸುವ ಸಣ್ಣ ದೋಣಿಯಲ್ಲಿ) ಯಾವ ಗುಹೆಯೊಳಗೂ ನಿರ್ಭಯವಾಗಿ ಹೋಗಬಹುದು’ ಎಂಬ ಸಂದೇಶವೊಂದು ಕೊಡಗಿನಲ್ಲಿ, ಮುಖ್ಯವಾಗಿ ದುಬಾರೆ, ಬರಪೊಳೆಗಳ ರಾಫ್ಟಿಂಗ್‌ನಲ್ಲಿ ಪಳಗಿದ ಯುವಕರ ನಡುವೆ ಹರಿದಾಡುತ್ತಿದೆ. ಇದು ತಪ್ಪು ಮಾಹಿತಿ.

ತೆರೆದ ಹೊಳೆಯಲ್ಲಿ ನಮ್ಮನ್ನು ಗಾಳಿಯತ್ತ ಎತ್ತುವ ಅದೇ ಜಾಕೆಟ್, ಗುಹೆಯಲ್ಲಿ ನೀರು ಚಾವಣಿ ಮುಟ್ಟುವಷ್ಟು ಏರಿದಾಗ ಕಲ್ಲಿಗೆ ಒತ್ತಿ ಹಿಡಿಯುತ್ತದೆ. ಮುಳುಗಿ ಹೊರಬರಲು ಬಿಡುವುದಿಲ್ಲ. ಜಾಕೆಟ್ ಬೇಡವೆಂದಲ್ಲ, ಅದು ಬೇಕೇ ಬೇಕು. ಆದರೆ ಹೆಲ್ಮೆಟ್, ಹೆಚ್ಚುವರಿ ದೀಪ, ಆ ಗುಹೆಯನ್ನು ಬಲ್ಲ ಸ್ಥಳೀಯರ ಜೊತೆ ಇಲ್ಲದೆ ಒಳಗೆ ಹೋಗಲೇಬಾರದು.

ಕಡಲ ಗುಹೆಯಾದರೆ ಭರತದ (ಕಡಲ ನೀರು ಉಬ್ಬುವ) ವೇಳೆ ತಿಳಿದಿರಬೇಕು. ಒಂದು ಭರತದಿಂದ ಮತ್ತೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ದೊಡ್ಡ ಅಲೆಗಳು ಗುಂಪಾಗಿ ಬರುವುದರಿಂದ, ಗುಹೆಯ ಬಾಯಿಯಲ್ಲಿ ನೀರು ಶಾಂತವಾಗಿ ಕಂಡೊಡನೆ ನುಗ್ಗದೆ ಹೊರಗೇ ನಿಂತು ಹಲವು ನಿಮಿಷ ನೋಡಬೇಕು.

ನದಿಯ ಗುಹೆಗೆ ದೂರದ ಮಳೆಯೇ ಅಪಾಯ. ಹೊಳೆಯ ಮೇಲ್ಭಾಗದ ಭಾಗಮಂಡಲದಲ್ಲಿ ಸುರಿದದ್ದು ದುಬಾರೆಯಲ್ಲಿ ಬಿಸಿಲಿದ್ದಾಗಲೂ ಕಾವೇರಿಯನ್ನು ಕೆಂಪಾಗಿಸಿ ಏರಿಸುವುದನ್ನು ನಾವು ಕಂಡಿದ್ದೇವೆ. ಥಾಯ್ಲೆಂಡ್‌ನ ಥಾಮ್ ಲುವಾಂಗ್ ಗುಹೆಗೆ 2018ರ ಜೂನ್ 23ರಂದು ನಡೆದೇ ಹೋದ 12 ಬಾಲಕರು ಮತ್ತು ಅವರ ತರಬೇತುದಾರ, ಮಳೆನೀರು ದಾರಿ ಮುಚ್ಚಿದ್ದರಿಂದ ಹೊರಬಂದದ್ದು ಜುಲೈ 8ರಿಂದ 10ರ ನಡುವೆ.